ಓವನ್ ಕಟ್ಟಿಸಿದ ದೇಗುಲ

ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ಬಡಾವಣೆಯಲ್ಲಿರುವ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯವನ್ನು ಮೊದಲ ಸಲ ಕಾಣುವವರು ಅದನ್ನು ಭವ್ಯವಾದ ಇಗರ್ಜಿಯೆಂದೇ ಭಾವಿಸಿದರೆ ಆಶ್ಚರ್ಯವಿಲ್ಲ. ಮುಗಿಲೆತ್ತರದ ಅವಳಿ ಗೋಪುರಗಳು, ಒಂದರೊಳಗೊಂದು ಅಡಗಿದಂತಿರುವ ಕಮಾನುಗಳ ಮಹಾದ್ವಾರ, ಒಳಗೆ ಗಾಜಿನ ಮಾಡಿನಿಂದ ಬೆಳಕು ಸುರಿಯುವ ವಿಶಾಲ ಮಂಟಪ: ಎಲ್ಲದರಲ್ಲಿಯೂ ದೇವಾಲಯದ ಗಾಂಭೀರ್ಯವಿದೆ.

1881ರಲ್ಲಿ ಬಾಗಿಲು ತೆರೆದ ಈ ಕಟ್ಟಡದ ವಾಸ್ತುಶಿಲ್ಪಿ ಆಲ್‌ಫ್ರೆಡ್ ವಾಟರ್‌ಹೌಸ್. ಆದರೆ ಅದಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಟ್ಟು ಹಿಡಿದು ದುಡಿದವನು ರಿಚರ್ಡ್ ಓವನ್. ‘ಡೈನೋಸಾರ್’ ವರ್ಗಕ್ಕೆ 1842ರಲ್ಲಿ ನಾಮಕರಣ ಮಾಡಿದ ಅಂಗರಚನಾಶಾಸ್ತ್ರಜ್ಞ ಈತನೇ. ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗಾಲು ಇವುಗಳ ಎಲುಬುಗಳಲ್ಲಿ ಕಾಣುವ ಸಾಮ್ಯವು ಸೃಷ್ಟಿಕರ್ತನ ಮನಸ್ಸಿನಲ್ಲಿದ್ದ ಮೂಲಮಾದರಿಯ ಕುರುಹೆಂದು ಆತನ ದೃಢವಿಶ್ವಾಸ. ಅಂಥವನಿಗೆ ಈ ಭವನವು ಭಗವಂತನ ಕೃತಿಗಳನ್ನಿಡುವ ಗುಡಿಯೇ ಆಗಿತ್ತು.

ಚಾರ್ಲ್ಸ್ ಡಾರ್ವಿನ್ ದಕ್ಷಿಣ ಅಮೆರಿಕದಿಂದ ತಂದ ಪಳೆಯುಳಿಕೆಗಳನ್ನು ಪರೀಕ್ಷಿಸಿ ವರ್ಣಿಸಿದವನೂ ಓವನ್ನನೇ. ಆದರೆ 1859ರಲ್ಲಿ ಡಾರ್ವಿನ್ನನ ಗ್ರಂಥ ಹೊರಬಂದಾಗ ಆ ಹಳೆಯ ಸ್ನೇಹ ಮುರಿಯಿತು. ಜೀವಜಾತಿಗಳು ದೈವನಿಯಮಕ್ಕನುಸಾರವಾಗಿ ಕ್ರಮಕ್ರಮವಾಗಿ ಬಂದಿರಬಹುದೆಂಬುದಕ್ಕೆ ಓವನ್ನನ ಆಕ್ಷೇಪವಿರಲಿಲ್ಲ. ಸಂಕಲ್ಪವೇ ಇಲ್ಲದ ನಿಸರ್ಗದ ಆಯ್ಕೆಯೊಂದೇ ಅವನ್ನು ರೂಪಿಸಿತೆಂಬ ಮಾತನ್ನು ಮಾತ್ರ ಆತ ಸಹಿಸದಾದ. 1860ರಲ್ಲಿ ಹೆಸರು ಮರೆಸಿ ಬರೆದ ಆತನ ಕಟು ವಿಮರ್ಶೆ ಡಾರ್ವಿನ್ನನ ಮನಸ್ಸನ್ನು ಬಹುವಾಗಿ ನೋಯಿಸಿತು.

ಆ ವಾದದ ಗುರುತು ಇಂದಿಗೂ ಕಟ್ಟಡದ ಮೈಮೇಲಿದೆ. ಪೂರ್ವದ ತೋಳಿನ ಸುಟ್ಟಮಣ್ಣಿನ ಅಲಂಕಾರಗಳಲ್ಲಿ ಅಳಿದುಹೋದ ಪ್ರಾಣಿಗಳು. ಪಶ್ಚಿಮದ ತೋಳಿನಲ್ಲಿ ಈಗಲೂ ಬದುಕಿರುವವು. ಹೀಗೆ ಬೇರ್ಪಡಿಸಬೇಕೆಂಬುದು ಓವನ್ನನ ಅಪೇಕ್ಷೆಯಾಗಿತ್ತು.

ಆದರೆ ಇದೇ ಸಂಗ್ರಹದಲ್ಲಿ ಆ ಗೆರೆಯನ್ನು ದಾಟುವ ಕಲ್ಲೊಂದಿದೆ. ಜರ್ಮನಿಯ ಬವೇರಿಯಾ ಪ್ರಾಂತದ ಸುಣ್ಣಕಲ್ಲಿನ ಗಣಿಯಲ್ಲಿ ದೊರೆತ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆಯದು. ಹಕ್ಕಿಯಂತೆ ಗರಿ, ಹಲ್ಲಿಯಂತೆ ಎಲುಬಿನ ಉದ್ದ ಬಾಲ, ರೆಕ್ಕೆಯ ತುದಿಯಲ್ಲಿ ಉಗುರು! ಸರೀಸೃಪಕ್ಕೂ ಪಕ್ಷಿಗೂ ನಡುವಣ ಕೊಂಡಿ ಇದೆಂದು ವಿಕಾಸವಾದಿಗಳು ಹಿಗ್ಗಿದರು. 1862ರಲ್ಲಿ ಒಂದು ದೊಡ್ಡ ಸಂಗ್ರಹದೊಡನೆ 700 ಪೌಂಡುಗಳಿಗೆ ಇದನ್ನು ಕೊಳ್ಳುವಂತೆ ಮಾಡಿದವನು ಮತ್ತಾರೂ ಅಲ್ಲ, ಓವನ್! ಆತ ಅದನ್ನು ಪಕ್ಷಿಯೆಂದೇ ಬಣ್ಣಿಸಿದ. ಆದರೆ ಎಲುಬುಗಳನ್ನು ಮರೆಮಾಚಲಿಲ್ಲ. ಎದುರಾಳಿಗಳೂ ನೋಡಿ ತೀರ್ಮಾನಿಸುವಂತೆ ಜೋಪಾನವಾಗಿ ಇರಿಸಿದ.

ಡಾರ್ವಿನ್ನನ ಅಮೃತಶಿಲೆಯ ಪ್ರತಿಮೆ 1885ರಲ್ಲಿಯೇ ಇಲ್ಲಿಯ ಮಹಾಸೋಪಾನವನ್ನೇರಿತು. 1927ರಲ್ಲಿ ಅದನ್ನು ಸರಿಸಿ ಓವನ್ನನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. 2009ರ ಡಾರ್ವಿನ್ ದ್ವಿಶತಮಾನೋತ್ಸವದ ವೇಳೆಗೆ ಡಾರ್ವಿನ್ ಮತ್ತೆ ತನ್ನ ಸ್ಥಾನಕ್ಕೆ ಬಂದ. ಪ್ರವೇಶಶುಲ್ಕವಿಲ್ಲದ ಈ ಭವನಕ್ಕೆ ಬರುವ ಮಕ್ಕಳು ಮೆಟ್ಟಿಲ ಮೇಲೆ ಕುಳಿತ ಗಡ್ಡದ ಮುದುಕನನ್ನು ಬೆರಗಿನಿಂದ ನೋಡುತ್ತಾರೆ. ಆತನನ್ನು ಕೊನೆಯವರೆಗೂ ಒಪ್ಪದವನು ಕಟ್ಟಿಸಿದ ಸೂರು ಅವರೆಲ್ಲರ ತಲೆಯ ಮೇಲಿದೆ.