ನೆರೆ ಇಳಿದ ಮೇಲೆ ಬಂದ ನೆರೆಯವರು

ಗುಳೇದಗುಡ್ಡದಿಂದ ಬಾಗಲಕೋಟೆ, ಅಲ್ಲಿಂದ ಗದ್ದನಕೇರಿ ಕ್ರಾಸ್, ಕಲಾದಗಿ, ಲೋಕಾಪುರ ದಾಟಿ ಮುಧೋಳ. ಮುಧೋಳದಿಂದ ಮಹಾಲಿಂಗಪುರದ ಮೇಲೆ ಬನಹಟ್ಟಿ-ರಬಕವಿ, ಮುಂದೆ ಜಮಖಂಡಿ, ವಾಪಸ್ ಬರುವಾಗ ಬೀಳಗಿ. ನಕ್ಷೆಯ ಮೇಲೆ ಬೆರಳಿಟ್ಟು ಎಳೆದರೆ ಸರಿಯಾಗಿ ಒಂದು ಸುತ್ತು. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬಂದವರು ಈ ಕಡೆ ತಿರುಗಿ ನೋಡುವುದು ಕಡಿಮೆ. ಕಬ್ಬು, ಬೆಲ್ಲ, ಮಗ್ಗ, ಎರಡು ಹೊಳೆ ಇರುವ ಈ ಸೀಮೆಯನ್ನು ನಾನು ಕಳೆದ ಫೆಬ್ರುವರಿಯಲ್ಲಿ ಎರಡು ದಿನ ಸರ್ಕಾರಿ ಬಸ್ಸಿನಲ್ಲಿ ಸುತ್ತಿದೆ. ಜೊತೆಗಿದ್ದವರು ಅರವತ್ತು ದಾಟಿದ ಒಬ್ಬ ನಿವೃತ್ತ ನರ್ಸ್. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಅಕ್ಕಾ ಎಂದೇ ಬರೆಯುತ್ತೇನೆ.

ಅಕ್ಕಾ ಗುಳೇದಗುಡ್ಡದ ನೇಕಾರ ಮನೆತನದ ಕ್ರೈಸ್ತರು. ಕುಪ್ಪಸದ ಖಣಕ್ಕೆ ಹೆಸರಾದ ಆ ಊರಿಗೆ ಬಾಸೆಲ್ ಮಿಷನ್ನಿನವರು ಬಂದದ್ದು 1851ರಲ್ಲಿ. ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ ಬಂದು, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ ಆಮೇಲೆ ಈ ಗುಡ್ಡದ ಬುಡಕ್ಕೆ ತಲುಪಿದರು. ನಮಗೆ ಬಾಸೆಲ್ ಮಿಷನ್ ಅಂದರೆ ಕಿಟೆಲ್ಲರ ನಿಘಂಟು, ಮಂಗಳೂರಿನ ಹಂಚು. ಅಕ್ಕಾಗೆ ಅದು ಅನ್ನದ ಮಾತು.

ಅಕ್ಕಾ ವರ್ಷಕ್ಕೆ ನಾಲ್ಕೈದು ಸಲ ಈ ಸುತ್ತು ಹಾಕುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದಾಗ ಗಂಜಿ ಕೇಂದ್ರಗಳಲ್ಲಿ ಕೆಲಸಕ್ಕೆ ನಿಂತಿದ್ದರು. ಆಗ ಪರಿಚಯವಾದ ಹತ್ತು ಹನ್ನೆರಡು ಮನೆಗಳನ್ನು ಬಿಟ್ಟಿಲ್ಲ. ಬಿ.ಪಿ. ನೋಡುವ ಯಂತ್ರ, ಒಂದು ನೋಟ್‌ಬುಕ್, ಒಂದಿಷ್ಟು ಹಳೆಯ ಕನ್ನಡಕ, ಇಷ್ಟೇ ಅವರ ಚೀಲದಲ್ಲಿರುವುದು. ಕ್ರಿಸ್ಮಸ್ಸಿಗೆ ಹೋಗಬಹುದಿತ್ತಲ್ಲ, ಉಂಡಿ, ಕರ್ಚಿಕಾಯಿನೂ ಒಯ್ಯಬಹುದಿತ್ತು ಎಂದೆ.

"ಡಿಸೆಂಬರ್‌ದಾಗ ಎಲ್ಲಾರೂ ಕೊಡತಾರವಾ. ಫೆಬ್ರುವರಿದಾಗ ಯಾರ ಬರ್ತಾರ?"

ಕ್ರೈಸ್ತರ ಪಂಚಾಂಗದಲ್ಲಿ ಕ್ರಿಸ್ಮಸ್ ಹಬ್ಬ ಒಂದು ದಿನದ್ದಲ್ಲ, ಹನ್ನೆರಡು ದಿನದ್ದು. ಜನವರಿ 6ಕ್ಕೆ ಜ್ಞಾನಿಗಳು ಬಾಲಯೇಸುವನ್ನು ಕಂಡ ಹಬ್ಬದೊಂದಿಗೆ ಆ ಕಾಲ ಮುಗಿಯುತ್ತದೆ. ಮನೆ ಮುಂದಿನ ನಕ್ಷತ್ರ ಅಟ್ಟ ಸೇರುತ್ತದೆ. ಆಮೇಲೆ ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ವ್ರತ ಶುರುವಾಗುವವರೆಗೆ ವಿಶೇಷವೇನೂ ಇಲ್ಲದ ವಾರಗಳು. ಅಕ್ಕಾ ಹೊರಡುವುದು ಆ ಬರಿ ವಾರಗಳಲ್ಲಿ.

ಕಲಾದಗಿ ಬಂದಾಗ ಅಕ್ಕಾ ಕಿಟಕಿ ಕಡೆ ಸರಿದು ಕೂತರು. ಇವತ್ತು ದಾಳಿಂಬೆ, ಚಿಕ್ಕುವಿಗೆ ಹೆಸರಾದ ಈ ಊರು ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರ. ಆ ಪಟ್ಟ ವಿಜಯಪುರಕ್ಕೆ ಹೋದದ್ದು 1880ರ ದಶಕದಲ್ಲಿ. ಅದಕ್ಕೂ ಮೊದಲು, 1876ರಲ್ಲಿ ಮಳೆ ಕೈಕೊಟ್ಟು ಧಾತು ಸಂವತ್ಸರದ ಬರ ಬಿತ್ತು. ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ಬಾಧೆಗೊಂಡ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಅದೇ ಬರದಲ್ಲಿ, 1877ರಲ್ಲಿ, ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಒಂದು ಆಣೆ ಸಾಕೆಂದು ಲೆಕ್ಕ ಹಾಕಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ದುಡಿಯುವ ಮೈಗೆ ಅದೇನು ಸಾಲುತ್ತದೆ?

ಆ ಬರದಲ್ಲಿ ಅಪ್ಪ-ಅವ್ವನ್ನ ಕಳೆದುಕೊಂಡ ಮಕ್ಕಳನ್ನು ಮಿಷನ್ನಿನವರು ತಂದು ಸಾಕಿದರು. ಅಕ್ಕಾನ ಮುತ್ತ್ಯಾನ ಅಪ್ಪ ಹಾಗೆ ಉಳಿದ ಒಂದು ಹುಡುಗ ಎಂಬ ಮಾತು ಅವರ ಮನೆಯಲ್ಲಿದೆ. ಊಟ ಹಾಕಿ ಕಳಿಸಲಿಲ್ಲ, ಮಗ್ಗದ ಮುಂದೆ ಕೂರಿಸಿದರು. ಮಂಗಳೂರಿನಲ್ಲೂ ಮಿಷನ್ನು ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದರ ಹಿಂದೆ ಇದೇ ಲೆಕ್ಕವಿತ್ತು. ಧರ್ಮ ಬದಲಿಸಿದವರನ್ನು ಕುಲದವರು ಹೊರಗಿಟ್ಟರೆ ಕಸುಬೂ ಹೋಗುತ್ತಿತ್ತು. ಪ್ರೀತಿ ಅಂತ ಬೋಧಿಸಿದವರು ಕೂಲಿಗೂ ದಾರಿ ಮಾಡಬೇಕಾಯಿತು.

ಇಲ್ಲಿ ಒಂದು ಮಾತು ಕೇಳದೆ ಇರಲಾಗಲಿಲ್ಲ. ಆ ಪ್ರೀತಿಗೆ ಶರತ್ತು ಇತ್ತಲ್ಲ ಅಕ್ಕಾ, ಅನ್ನದ ಜೊತೆ ದೀಕ್ಷಾಸ್ನಾನವೂ ಬಂತಲ್ಲ?

ಅಕ್ಕಾ ಸಿಟ್ಟಾಗಲಿಲ್ಲ. "ಬಂತು. ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ಆ ಕೂಸು ಸಾಯಲಿಲ್ಲ, ಅದಕ್ಕs ನಾ ಇಲ್ಲಿ ಕುಂತೀನಿ. ನನ್ನ ಕೈಲೆ ಕೊಡೋದಕ್ಕ ನಾ ಶರತ್ತು ಹಾಕಂಗಿಲ್ಲ, ಅಷ್ಟ ನನ್ನ ಕೈಯಾಗ ಐತಿ."

ಮಿಷನರಿಗಳನ್ನು ದೇವರ ಮಾಡುವವರಿಗೂ ಬರೀ ಮತಾಂತರದ ವ್ಯಾಪಾರಿಗಳು ಎನ್ನುವವರಿಗೂ ಈ ಉತ್ತರ ರುಚಿಸಲಿಕ್ಕಿಲ್ಲ. ನನಗೆ ರುಚಿಸಿತು.

ಲೋಕಾಪುರ ದಾಟಿದ ಮೇಲೆ ರಸ್ತೆ ಕಬ್ಬಿನದು. ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಮುಧೋಳ ಅಂದರೆ ನಾಯಿ ಎನ್ನುವಷ್ಟು ಇಲ್ಲಿನ ಬೇಟೆನಾಯಿ ಪ್ರಸಿದ್ಧ. ನನಗೆ ಮಾತ್ರ ರನ್ನನ ಊರು. ಬಳೆಗಾರರ ಮನೆಯ ಹುಡುಗ, 949ರಲ್ಲಿ ಹುಟ್ಟಿದವ, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಮುಗಿಸಿದ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಆ ತಾಯಿಗೆ ದಾನಚಿಂತಾಮಣಿ ಎಂದು ಹೆಸರು. ಕೊಡುವುದನ್ನು ಈ ನೆಲಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಜೈನರ ದಾನವಿತ್ತು, ಶರಣರ ದಾಸೋಹವಿತ್ತು.

ಹಾಗಾದರೆ ನಿಮ್ಮದು ಬೇರೆ ಏನು ಎಂದು ಕೇಳಿದ್ದಕ್ಕೆ ಅಕ್ಕಾ ಒಂದು ಕಥೆ ಹೇಳಿದರು. ಬಹಳ ಜನ ಬಲ್ಲ ಕಥೆಯೇ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಬಡಿದು ಕೆಡವಿರುತ್ತಾರೆ. ಅವನ ಧರ್ಮದ ದೊಡ್ಡವರೇ ನೋಡಿಯೂ ಬದಿಗೆ ಸರಿದು ಹೋಗುತ್ತಾರೆ. ಯೆಹೂದ್ಯರಿಗೆ ಆಗಿಬರದ ಸಮಾರ್ಯದವನೊಬ್ಬ ಗಾಯ ಕಟ್ಟಿ ಛತ್ರಕ್ಕೆ ಒಯ್ಯುತ್ತಾನೆ. ನಾವು ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೆ ನಿಲ್ಲಿಸುತ್ತೇವೆ. ಅಕ್ಕಾಗೆ ಮುಖ್ಯವಾದದ್ದು ಮರುದಿನ ಬೆಳಿಗ್ಗೆ. ಅವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ, ಅಂದರೆ ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅನ್ನುತ್ತಾನೆ.

"ತಿರುಗಿ ಬರತೇನಿ ಅಂದಾನ ನೋಡ. ನಮಗ ಅದs ಮುಖ್ಯ."

ಆ ಕಥೆ ಹುಟ್ಟಿದ್ದು ನೆರೆಯವನು ಯಾರು ಎಂಬ ಒಂದು ಪ್ರಶ್ನೆಯಿಂದ. ಕನ್ನಡದಲ್ಲಿ ನೆರೆ ಅಂದರೆ ಪಕ್ಕ, ನೆರೆ ಅಂದರೆ ಪ್ರವಾಹವೂ ಹೌದು. ನಮ್ಮ ಕಡೆ ಮಾತಿನಲ್ಲಿ ಬಾಜೂ ಮನಿಯವರು, ಹೊಳಿ ಬಂತು ಎಂದೇ ಅನ್ನುತ್ತೇವಾದರೂ ಪುಸ್ತಕದ ಈ ಎರಡೂ ಅರ್ಥ 2019ರಲ್ಲಿ ಒಂದೇ ವಾರ ಕಣ್ಣಿಗೆ ಬಿದ್ದವು. ಊರೂರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಚೀಲಗಟ್ಟಲೆ ಬಂದವು. ಮಠ, ಮಸೀದಿ, ಚರ್ಚು ಎಲ್ಲ ಕಡೆಯಿಂದ ಬಂದವು. ತಿಂಗಳಾಗುವಷ್ಟರಲ್ಲಿ ಗಾಡಿಗಳ ಸಾಲು ಕರಗಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ಆದರೆ ಕಂತು ಬರಬೇಕು, ಬುನಾದಿಯ ಫೋಟೋ ತೆಗೆಸಬೇಕು, ಹೆಸರಿನ ಒಂದಕ್ಷರ ತಪ್ಪಿದರೆ ಮತ್ತೆ ಕಚೇರಿಗೆ ಅಲೆಯಬೇಕು. ರೊಟ್ಟಿ ಕೊಡುವವರು ಬಹಳ ಇದ್ದರು, ಅರ್ಜಿ ಓದಿ ಹೇಳುವವರು ಕಡಿಮೆ. ಅಕ್ಕಾ ಮಾಡಿದ್ದು ಹೆಚ್ಚಾಗಿ ಅದನ್ನೇ.

ಬನಹಟ್ಟಿಯಲ್ಲಿ ಓಣಿಗೆ ಕಾಲಿಡುವ ಮೊದಲೇ ಪಾವರ್‌ಲೂಮಿನ ಸದ್ದು ಕಿವಿಗೆ ಬೀಳುತ್ತದೆ. ರಬಕವಿ-ಬನಹಟ್ಟಿಯ ಸೀರೆ ಊರೂರಿಗೆ ಹೋಗುತ್ತದೆ, ನೇಯ್ದವರ ಮನೆಯ ಕಥೆ ಓಣಿ ದಾಟುವುದಿಲ್ಲ. ಅಕ್ಕಾ ಹೋದದ್ದು ಬಾಡಿಗೆ ಶೆಡ್ಡಿನಲ್ಲಿ ಕೂಲಿ ನೇಯುವ ಒಬ್ಬರ ಮನೆಗೆ. ಹೊಳೆಯ ನೀರು ಅವರ ಕೈಮಗ್ಗದ ಗುಂಡಿ ತುಂಬಿತ್ತು. ಕಟ್ಟಿಗೆ ಉಬ್ಬಿ ಮಗ್ಗ ಕೆಲಸಕ್ಕೆ ಬಾರದೆ ಹೋಗಿ ಅವರು ಪಾವರ್‌ಲೂಮಿಗೆ ಬಂದರು. ಹೆಂಡತಿ ಕಂಡಿಕೆ ಸುತ್ತುತ್ತಾರೆ. ಸದ್ದಿನಲ್ಲಿ ದುಡಿದು ಆತನಿಗೆ ಈಗ ಕಿವಿ ಮಂದ, ನಾವು ಕೂಗಿಯೇ ಮಾತಾಡಬೇಕಾಯಿತು. ಅಕ್ಕಾ ಬಿ.ಪಿ. ನೋಡಿ, ಗುಳಿಗೆ ನಿಲ್ಲಿಸಿದ್ದಕ್ಕೆ ಬೈದು, ಬರುವ ಸೋಮವಾರ ಸರ್ಕಾರಿ ದವಾಖಾನಿಗೆ ಹೋಗಬೇಕೆಂದು ಆಣೆ ಹಾಕಿಸಿಕೊಂಡರು. ಇಬ್ಬರೂ ಹಾಸು, ಹೊಕ್ಕು, ಲಾಳಿ ಅಂತ ಅರ್ಧ ತಾಸು ಮಾತಾಡಿದರು. ದೇವರ ಹೆಸರು ಒಮ್ಮೆಯೂ ಬರಲಿಲ್ಲ.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೀತಿಯ ದೊಡ್ಡ ವರ್ಣನೆಯಿದೆ. ಈಗ ಅದನ್ನು ಮದುವೆಗಳಲ್ಲಿ ಓದುತ್ತಾರೆ. ಅವನು ಬರೆದದ್ದು ಪಂಗಡ ಕಟ್ಟಿಕೊಂಡು ಜಗಳಾಡುತ್ತಿದ್ದ ಒಂದು ಸಭೆಗೆ. ಅಗಾಪೆ ಎಂಬ ಗ್ರೀಕ್ ಮಾತಿಗೆ ನಮ್ಮ ಬೈಬಲಿನವರು ಪ್ರೀತಿ ಎಂದರು, ಸಿನಿಮಾ ಹಾಡಿಗೂ ಅದೇ ಪದ. ಅಲ್ಲಿ ಹೇಳಿರುವುದೆಲ್ಲ ತಾಳಿಕೊಳ್ಳುವುದು, ಸಿಟ್ಟು ಮಾಡದಿರುವುದು, ತಪ್ಪಿನ ಲೆಕ್ಕ ಇಡದಿರುವುದು, ಹೀಗೆ ಪ್ರೀತಿ ಮಾಡುವ ಕೆಲಸಗಳು. ಹೇಗೆ ಅನಿಸುತ್ತದೆ ಎಂಬ ಮಾತು ಅಲ್ಲಿ ಕಡಿಮೆ.

ಜಮಖಂಡಿಯಲ್ಲಿ ರಾತ್ರಿ ಉಳಿದೆವು. ಪಟವರ್ಧನರ ಸಂಸ್ಥಾನದ ಊರು, ನೋಡುವಂಥ ಹಳೆಯ ಕಟ್ಟಡಗಳಿವೆ, ನಮಗೆ ಹೊತ್ತಿರಲಿಲ್ಲ. ಬೆಳಿಗ್ಗೆ ಮಾತ್ರ ಚಿಕ್ಕಪಡಸಲಗಿಗೆ ಹೋಗಿ ಬಂದೆವು. ಬೇಸಿಗೆಯಲ್ಲಿ ಒಣಗುತ್ತಿದ್ದ ಕೃಷ್ಣೆಗೆ ರೈತರೇ ಹಣ ಹಾಕಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ ಬ್ಯಾರೇಜ್ ಅದು. ಹೆಸರೇ ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ಬ್ಯಾರೇಜ್ ಸಿದ್ದು ಎಂದೇ ಕರೆದರು. ಇದರಲ್ಲಿ ಕ್ರೈಸ್ತರ ಮಾತೇನಿಲ್ಲ. ಆದರೂ ಅಕ್ಕಾ ಬಹಳ ಹೊತ್ತು ನೀರು ನೋಡುತ್ತ ನಿಂತರು. "ದೇಣಿಗಿ ಕೊಟ್ಟವ್ರ ಹೊಲಕ್ಕಷ್ಟ ಹೋಗಂಗಿಲ್ಲಲಾ ನೀರು" ಅಂದರು.

ಬೀಳಗಿ ತಾಲೂಕಿನದು ಬೇರೆ ಸಂಕಟ. ಒಂದು ಕಡೆ ಕೃಷ್ಣೆ, ಒಂದು ಕಡೆ ಘಟಪ್ರಭೆ, ಎರಡಕ್ಕೂ ಆಲಮಟ್ಟಿಯ ಹಿನ್ನೀರು. ಇಲ್ಲಿ ಮುಳುಗಿದ ಹೊಲ ಮತ್ತೆ ಏಳುವುದಿಲ್ಲ. ಪುನರ್ವಸತಿ ಊರೊಂದರಲ್ಲಿ ಒಬ್ಬಳು ಮುದುಕಿ ಬಾಗಿಲಲ್ಲೇ ಕೂತಿದ್ದಳು. ಎಂಬತ್ತು ದಾಟಿರಬೇಕು. ಮಗ ಗೋವಾದಲ್ಲಿ ದುಡಿಯುತ್ತಾನೆ.

"ಸಂಕ್ರಮಣಕ್ಕ ಬರತೇನಿ ಅಂದಿದ್ದಿ, ಈಗ ಬಂದಿ?" ಎಂದು ಅಕ್ಕಾಗೆ ಸರಿಯಾಗಿ ಬೈದಳು.

ಮೊಣಕಾಲು ನೋವಿತ್ತು ಬೇ, ಎಂದು ಅಕ್ಕಾ ಹೇಳಿಕೊಳ್ಳುತ್ತಿದ್ದರೆ ಅವಳು ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ ಸಜ್ಜಿ ರೊಟ್ಟಿ ತಂದಳು. ಎಳ್ಳು ಹಚ್ಚಿ, ಸಂಕ್ರಮಣಕ್ಕೆಂದು ಬಡಿದು ತೆಗೆದಿಟ್ಟದ್ದು, ಒಣಗಿ ಕಟಕಾಗಿದ್ದವು. ಬೇಡ ಅನ್ನುತ್ತಾರೇನೋ ಅಂದುಕೊಂಡೆ. ಅಕ್ಕಾ ಎರಡೂ ಕೈಯಲ್ಲಿ ತೆಗೆದುಕೊಂಡು ಒಂದನ್ನು ಮುರಿದು ಅರ್ಧ ನನಗೆ ಕೊಟ್ಟರು. ಆಮೇಲೆ ಚೀಲದಿಂದ ಕನ್ನಡಕ ತೆಗೆದು ಒಂದೊಂದಾಗಿ ಹಾಕಿ ನೋಡತೊಡಗಿದರು. ನಾಲ್ಕನೆಯದು ಹಾಕಿದಾಗ ಮುದುಕಿ ಎದುರಿನ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, ಇನ್ನೂ ಜನವರಿ ಹಾಳೆಯೇ ಇದೆ, ಹರಿಯಿರಿ ಅಂದಳು.