ಎಲ್ಲವೂ ಡೂಪ್ಲಿಕೇಟ್ ಅಲ್ಲ

ಸುಳ್ಳು ಹೇಳುವುದಕ್ಕೆ ನಮ್ಮ ಕನ್ನಡದಲ್ಲಿ ಮಾತಿನ ಬರವಿಲ್ಲ. ಬುರುಡೆ ಬಿಡುತ್ತೇವೆ, ರೈಲು ಬಿಡುತ್ತೇವೆ, ಕಾಗೆ ಹಾರಿಸುತ್ತೇವೆ, ಕಿವಿ ಮೇಲೆ ಹೂ ಇಡುತ್ತೇವೆ. ಆದರೆ ಸುಳ್ಳು ಒಂದು ವಸ್ತುವಾಗಿ ಕಣ್ಣೆದುರು ಬಂದರೆ ಬಾಯಿಗೆ ಬರುವುದು ಇಂಗ್ಲಿಷು. ಬೀಜ ಮೊಳೆಯಲಿಲ್ಲವೋ, ಡೂಪ್ಲಿಕೇಟು. ವಾಟ್ಸಾಪಿನ ಫೋಟೊ ನಂಬುವಂತಿಲ್ಲವೋ, ಫೇಕು. ರೇಷನ್ ಕಾರ್ಡು ನಿಂತುಹೋಯಿತೋ, ಬೋಗಸ್ಸು. ಚುನಾವಣೆಯಲ್ಲಿ ಇನ್ಯಾರದೋ ಅನುಕೂಲಕ್ಕೆ ನಾಮಪತ್ರ ಹಾಕಿದವನು ಡಮ್ಮಿ.

ಇಂಗ್ಲಿಷ್ ಬಳಸುತ್ತೀರಿ ಅಂತ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಬಸ್ಸು, ಸೈಕಲ್ಲು, ಕಾಫಿ ನಮ್ಮವೇ ಆಗಿ ಎಷ್ಟೋ ಕಾಲವಾಯಿತು. ನನ್ನ ತಕರಾರು ಬೇರೆ. ಒಂದೊಂದು ಕೆಲಸಕ್ಕೆ ಹುಟ್ಟಿದ ಈ ಪದಗಳನ್ನೆಲ್ಲ ನಾವು ಒಂದೇ ಮೂಟೆಗೆ ತುಂಬಿಬಿಟ್ಟಿದ್ದೇವೆ. ಅದರಿಂದ ಎಂಥ ಹೊಡೆತ ಬೀಳುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದೆ.

ಅಮ್ಮನಿಗೆ ಬಿಪಿ. ತಿಂಗಳ ಖರ್ಚು ತಗ್ಗಲಿ ಅಂತ ತಾಲ್ಲೂಕು ಕೇಂದ್ರದ ಜನೌಷಧಿ ಅಂಗಡಿಯಿಂದ ಮಾತ್ರೆ ತಂದುಕೊಟ್ಟೆ. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬಹಳ ಕಡಿಮೆ. ಪಕ್ಕದ ಮನೆಯವರು ನೋಡಿ, “ಇದು ಡೂಪ್ಲಿಕೇಟು ಕಣಕ್ಕ, ಅದಕ್ಕೇ ಇಷ್ಟು ಅಗ್ಗ” ಅಂದರು. ಅಷ್ಟೇ ಸಾಕಾಯಿತು. ಅಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಹತ್ತನೇ ದಿನ ತಲೆ ಸುತ್ತಿ ಹಿತ್ತಲಲ್ಲಿ ಕುಸಿದು ಕೂತಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಮೇಜಿನ ಮೇಲಿಟ್ಟು ಸಣ್ಣ ಅಕ್ಷರ ತೋರಿಸಿದರು. ಎರಡರಲ್ಲೂ ಇದ್ದದ್ದು ಒಂದೇ: ಆಮ್ಲೋಡಿಪಿನ್, 5 ಎಂಜಿ.

ಒಂದು ಔಷಧದ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಅದನ್ನು ತಯಾರಿಸಬಹುದು. ಬ್ರಾಂಡಿನ ಹೆಸರಿಲ್ಲದೆ, ಔಷಧದ ಹೆಸರಿನಲ್ಲೇ ಮಾರಿದರೆ ಅದು ಜನರಿಕ್. ಬ್ರಾಂಡಿನ ಪ್ರಚಾರದ ಖರ್ಚಿಲ್ಲ, ಬೆಲೆ ಇಳಿಯುತ್ತದೆ. ಸುಳ್ಳು ಔಷಧದ ಮಾತೇ ಬೇರೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಅದನ್ನು ಮೂರಾಗಿ ಬಿಡಿಸುತ್ತದೆ. ಲೇಬಲ್ಲಿನಲ್ಲಿ ತಪ್ಪು ಹೇಳಿದರೆ ಮಿಸ್‌ಬ್ರಾಂಡೆಡ್. ಕಲಬೆರಕೆಯಾದರೆ ಅಡಲ್ಟರೇಟೆಡ್. ಇನ್ನೊಂದು ಔಷಧದ ವೇಷ ಹಾಕಿ ಮೋಸದಿಂದ ಮಾರಿದರೆ ಸ್ಪ್ಯೂರಿಯಸ್. ಡೂಪ್ಲಿಕೇಟ್ ಅನ್ನುವ ವರ್ಗವೇ ಅಲ್ಲಿಲ್ಲ.

ಇರುವುದಕ್ಕೂ ಸಾಧ್ಯವಿಲ್ಲ. ಯಾಕೆಂದರೆ ಡೂಪ್ಲಿಕೇಟ್ ಅಂದರೆ ಎರಡನೆಯ ಪ್ರತಿ, ಅಷ್ಟೇ. ಲ್ಯಾಟಿನ್ ಭಾಷೆಯಲ್ಲಿ ‘ಎರಡಾಗಿಸು’ ಅನ್ನುವ ಮಾತಿನಿಂದ ಬಂದ ಪದ. ಬೀರುವಿನ ಬೀಗಕ್ಕೆ ಡೂಪ್ಲಿಕೇಟ್ ಕೀ ಮಾಡಿಸುವಾಗ ನಾವೂ ಅದನ್ನು ಸರಿಯಾಗಿಯೇ ಬಳಸುತ್ತೇವೆ. ಆ ಕೀಲಿ ಬೀಗ ತೆಗೆಯುತ್ತದೆ ತಾನೆ? ಆದರೆ ನಮ್ಮೂರ ಹುಡುಗನೊಬ್ಬ ಕಳೆದುಹೋದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಅರ್ಜಿ ಹಾಕಿ ಇನ್ನೊಂದು ತರಿಸಿಕೊಂಡ. ಮೇಲೆ ಡೂಪ್ಲಿಕೇಟ್ ಅಂತ ಮುದ್ರೆ. ಅವರಪ್ಪ ಅದನ್ನು ಟ್ರಂಕಿನ ಅಡಿಯಲ್ಲಿ ಬಚ್ಚಿಟ್ಟರು, ಯಾರಾದರೂ ನೋಡಿದರೆ ಪೊಲೀಸ್ ಕೇಸಾದೀತು ಅಂತ!

ಕನ್ನಡದಲ್ಲೂ ಇದೇ ಕಥೆ ಒಮ್ಮೆ ನಡೆದಿದೆ. ಅರಬ್ಬಿಯಿಂದ ಬಂದ ‘ನಕಲು’ ಅಂದರೆ ಪ್ರತಿ. ತಹಶೀಲ್ದಾರ್ ಕಚೇರಿಯಲ್ಲಿ ಹಣ ಕಟ್ಟಿ ದಾಖಲೆಯ ನಕಲು ಪಡೆಯುತ್ತೇವೆ. ಅದೇ ಮೂಲದ ‘ನಕಲಿ’ ಅಂದರೆ ಖೊಟ್ಟಿ. ಕೊನೆಯ ಕೊಂಬು ತೆಗೆದು ಗುಡಿಸು ಹಾಕಿದರೆ ಪ್ರತಿ ಹೋಗಿ ಅಪರಾಧವಾಗುತ್ತದೆ. ಕನ್ನಡ ಕನಿಷ್ಠ ಒಂದು ಸ್ವರದ ಅಂತರವನ್ನಾದರೂ ಉಳಿಸಿಕೊಂಡಿದೆ. ಡೂಪ್ಲಿಕೇಟಿನಲ್ಲಿ ಅದನ್ನೂ ಕಳೆದುಕೊಂಡೆವು.

ಬೋಗಸ್ಸಿನ ಹುಟ್ಟು ಇನ್ನೂ ಸ್ವಾರಸ್ಯ. ಕೇಳಿದರೆ ನಮ್ಮ ‘ಬೊಗಳೆ’ಯ ತಮ್ಮನಂತಿದೆ, ಆದರೆ ನಂಟಿಲ್ಲ. ಅದು ಅಮೆರಿಕದ್ದು. 1827ರಲ್ಲಿ ಒಹಾಯೊ ರಾಜ್ಯದ ಪೇನ್ಸ್‌ವಿಲ್ ಎಂಬ ಊರಿನ ಪತ್ರಿಕೆಯೊಂದು ಬೋಗಸ್ ಎಂದು ಕರೆದದ್ದು ಖೊಟ್ಟಿ ನಾಣ್ಯ ಅಚ್ಚು ಹಾಕುವ ಯಂತ್ರವನ್ನು. ಯಂತ್ರದ ಹೆಸರು ನಾಣ್ಯಕ್ಕೆ ಬಂತು, ನಾಣ್ಯದಿಂದ ಎಲ್ಲ ಮೋಸದ ವಸ್ತುಗಳಿಗೂ ಹರಡಿತು. ಸಮುದ್ರ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಮನುಷ್ಯರ ಮೇಲೇ ಕೂತಿತು.

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕಳೆ ಕಿತ್ತು, ಹುಣಸೆ ಬಡಿದು, ಪಾತ್ರೆ ತಿಕ್ಕಿ ಹೆಬ್ಬೆಟ್ಟಿನ ಗೆರೆ ಸವೆದುಹೋಗಿದೆ. ಯಂತ್ರ ಅದನ್ನು ಓದಲಿಲ್ಲ. ಇ-ಕೆವೈಸಿ ಆಗದ ಕಾರ್ಡುಗಳ ಪಟ್ಟಿಯಲ್ಲಿ ಅವರ ಹೆಸರು ಬಂತು. ಆ ಪಟ್ಟಿಯಲ್ಲಿ ಬೋಗಸ್ ಅನ್ನುವ ಪದ ಎಲ್ಲೂ ಇರಲಿಲ್ಲ. ಆದರೆ ಊರಿನ ಬಾಯಲ್ಲಿ ಅದು ‘ಬೋಗಸ್ ಲಿಸ್ಟು’. ಅಕ್ಕಿ ನಿಂತದ್ದಕ್ಕಿಂತ ಆ ಹೆಸರೇ ಅಜ್ಜಿಯನ್ನು ಹೆಚ್ಚು ಚುಚ್ಚಿತು. “ನಾನು ಬೋಗಸ್ಸಂತೆ ಕಣಪ್ಪ. ಹಂಗಾದ್ರೆ ಇಷ್ಟು ವರ್ಷ ಕೂಲಿ ಮಾಡಿ ಮೂರು ಮಕ್ಕಳನ್ನ ಸಾಕಿದ್ದು ಯಾರು?” ಅಂತ ಕೇಳಿದರು. ಖೊಟ್ಟಿ ಕಾರ್ಡು ಮಾಡಿಸಿಕೊಂಡು ಬಡವರ ಪಾಲು ತಿನ್ನುವವರು ಇಲ್ಲವೇ ಅಂದರೆ, ಇದ್ದಾರೆ. ಆದರೆ ಅವರಿಗೂ ಸವೆದ ಹೆಬ್ಬೆಟ್ಟಿಗೂ ಒಂದೇ ಪದ ಹಾಕಿದರೆ ಕಳ್ಳನಿಗೆ ಅನುಕೂಲ. ಅಜ್ಜಿಗೆ ಕಷ್ಟದ ಮೇಲೆ ಅವಮಾನ.

ಇನ್ನು ಕೆಲವು ಪದಗಳು ಮನುಷ್ಯರ ಮೇಲಿನ ತಾತ್ಸಾರದಿಂದಲೇ ಹುಟ್ಟಿದವು. ಕಾಯ್ದೆಯ ಆ ಸ್ಪ್ಯೂರಿಯಸ್ ಪದದ ಲ್ಯಾಟಿನ್ ಮೂಲಕ್ಕೆ ಮದುವೆಯಾಚೆ ಹುಟ್ಟಿದ ಮಗು ಅನ್ನುವ ಅರ್ಥ. ಡಮ್ಮಿ ಅಂದರೆ ಮೊದಲಿಗೆ ಮಾತು ಬಾರದವರು. ಆಮೇಲೆ ಬಟ್ಟೆ ಅಂಗಡಿಯ ಬೊಂಬೆ, ಆಮೇಲೆ ಲೆಕ್ಕಕ್ಕಿಲ್ಲದ ಉಮೇದುವಾರ. ಆ ಮಗು, ಮಾತು ಬಾರದ ಆ ಮನುಷ್ಯ ಯಾರಿಗೂ ಮೋಸ ಮಾಡಿದವರಲ್ಲ.

ನನಗೆ ಕಾಣುವುದು ಇಷ್ಟು. ಅಸಲಿಯಲ್ಲದ್ದೆಲ್ಲ ಮೋಸವಲ್ಲ. ಜಾತ್ರೆಯಲ್ಲಿ ಗಿಲೀಟಿನ ಸರ ಕೊಳ್ಳುತ್ತೇವೆ. ಗಿಲೀಟು ಅನ್ನುವುದೂ ಇಂಗ್ಲಿಷಿನದೇ, ಚಿನ್ನದ ಲೇಪ ಅನ್ನುವ ‘ಗಿಲ್ಟ್’. ಹಿರಿಯರು ಅದನ್ನು ಎಷ್ಟು ನೇರವಾಗಿ ತಂದುಕೊಂಡರು ನೋಡಿ. ಮಾರುವವನಿಗೂ ಗೊತ್ತು, ಕೊಳ್ಳುವವಳಿಗೂ ಗೊತ್ತು. ಸಿನಿಮಾದಲ್ಲಿ ಹೀರೋಗೆ ‘ಡೂಪ್’ ಹಾಕಿದ್ದಾರೆ ಅನ್ನುತ್ತೇವೆ, ಆದರೆ ಮೂರನೇ ಮಹಡಿಯಿಂದ ನಿಜವಾಗಿ ಜಿಗಿಯುವವನು ಆ ಡೂಪೇ. ಬಯಲಾಟದಲ್ಲಿ ರಾತ್ರಿಯೆಲ್ಲ ರಾವಣನಾಗಿ ಕುಣಿದವರು ಬೆಳಗ್ಗೆ ಟೀ ಅಂಗಡಿಯಲ್ಲಿ ಸಿಕ್ಕರೆ ಅವರನ್ನು ಫೇಕ್ ಅನ್ನುತ್ತೇವೆಯೇ? ಇಂಗ್ಲಿಷಿನ ಫಿಕ್ಷನ್ ಪದದ ಬೇರಿನಲ್ಲಿ ಜೇಡಿಮಣ್ಣಿಗೆ ಆಕಾರ ಕೊಡುವ ಅರ್ಥವಿದೆ. ನಾವೂ ಮನೆ ಕಟ್ಟುತ್ತೇವೆ, ಹಾಗೆಯೇ ಕಥೆ ಕಟ್ಟುತ್ತೇವೆ.

ಹಾಗಾಗಿ ಡೂಪ್ಲಿಕೇಟ್ ಅನ್ನುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರೆ ಒಳ್ಳೆಯದು: ಇಲ್ಲಿ ಯಾರಾದರೂ ಯಾರಿಗಾದರೂ ಮೋಸ ಮಾಡಿದ್ದಾರೆಯೇ? ಪ್ರತಿಯಾದರೆ ನಕಲು ಅನ್ನೋಣ. ಗುಣ ಕಡಿಮೆಯಾದರೆ ಕಳಪೆ. ಕಲ್ಪನೆಯಾದರೆ ಕಟ್ಟುಕತೆ. ಮೋಸ ಖಚಿತವಾದರೆ ಖೊಟ್ಟಿ ಅಂತ ಗಟ್ಟಿಯಾಗಿಯೇ ಹೇಳೋಣ, ಜೊತೆಗೆ ಮಾಡಿದವರು ಯಾರು ಅಂತಲೂ ಕೇಳೋಣ. ಬೀಜ ಮೊಳೆಯದಿದ್ದಾಗ ಕೃಷಿ ಇಲಾಖೆಗೆ ಬರೆಯುವ ದೂರಿನಲ್ಲೂ ಬರೀ ‘ಡೂಪ್ಲಿಕೇಟ್ ಬೀಜ’ ಅಂದರೆ ಸಾಲದು. ಚೀಲದ ಮೇಲಿನ ಲಾಟ್ ನಂಬರ್, ಕೊಂಡ ರಸೀದಿ, ಎಷ್ಟು ಬಿತ್ತಿದಿರಿ, ಎಷ್ಟು ಮೊಳೆಯಿತು, ಇಷ್ಟು ಬರೆಯಿರಿ. ಚೀಲವನ್ನು ಮಾತ್ರ ಎಸೆಯಬೇಡಿ.