ಹಲಸಿನ ಬೀಜದ ಲೆಕ್ಕ

ಆಸಾಡಿಯ ಮಳೆ ಹಿಡಿದರೆ ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗ ಒಂದೇ, ಬಚ್ಚಲೊಲೆಯ ಬಾಯಿ. ಅಜ್ಜಯ್ಯ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದರು. ನಾವು ಮೂವರು ಮೊಮ್ಮಕ್ಕಳು ಅದು ಟಪ್ಪೆಂದು ಒಡೆಯುವುದನ್ನೇ ಕಾಯುತ್ತಿದ್ದೆವು. ಪ್ರಾಯದಲ್ಲಿ ಅವರು ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿ ಹಡಗಿನಲ್ಲಿ, ಖಲಾಸಿ. ಹಾಯಿಯ ಕಾಲ ಎಂದೋ ಮುಗಿಯಿತೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ ಅದು ಅಜ್ಜಯ್ಯನ ಮೊಣಕಾಲು ಗಟ್ಟಿಯಿದ್ದಷ್ಟು ದಿನವೂ ಇತ್ತು.

“ಅಜ್ಜಯ್ಯ, ತಿಂಗ್ಳಿಗೆ ಸಂಬ್ಳ ಎಷ್ಟ್ ಸಿಕ್ತಿತ್ತ್?” ಎಂದು ಒಂದು ರಾತ್ರಿ ಕೇಳಿದೆ.

“ತಿಂಗ್ಳಿನ ಸಂಬ್ಳವಾ!” ಎಂದು ನಕ್ಕು, ಸುಟ್ಟ ಬೀಜಗಳನ್ನೆಲ್ಲ ನೆಲದ ಮೇಲೆಳೆದರು. ಆ ರಾಶಿ ಮುಂಬಯಿಗೆ ಸರಕು ಸಾಗಿಸಿದ ಬಾಡಿಗೆ ಹಣವಂತೆ. ಮೊದಲು ಅಕ್ಕಿ, ಹಗ್ಗ, ಬಂದರಿನ ಖರ್ಚೆಂದು ಒಂದು ಹಿಡಿ ಆಚೆಗೆ. ಉಳಿದದ್ದರಲ್ಲಿ ಅರ್ಧ ಧಣಿಗೆ, ಮಂಜಿ ಅವರದ್ದು. ಇನ್ನರ್ಧದಲ್ಲಿ ಮಂಜಿ ನಡೆಸುವ ತಂಡೇಲನಿಗೆ ಎರಡು ಪಾಲು, ಖಲಾಸಿಗೆ ಒಂದು, ಅನ್ನ ಬೇಯಿಸುವ ಭಂಡಾರಿ ಹುಡುಗನಿಗೆ ಅರ್ಧ. ಆ ಅರ್ಧಕ್ಕಾಗಿ ಒಂದು ಬೀಜವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿ, ಒಂದು ಚೂರು ನೆಲಕ್ಕಿಟ್ಟು ಇನ್ನೊಂದನ್ನು ತಿಂದೇಬಿಟ್ಟರು.

ಆಮೇಲೆ ಹಂಚಿನ ಕತೆ ಬಂತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಹಾಯಿ ಹಡಗೇರಿ ಊರೂರಿಗೆ ಹೋದದ್ದು ಎಲ್ಲರಿಗೂ ಗೊತ್ತು. ಅಜ್ಜಯ್ಯನ ಮಂಜಿಯೂ ದೀಪಾವಳಿ ಕಳೆದು ಹಂಚು ತುಂಬಿ ಹೊರಟಿತ್ತು. ರತ್ನಗಿರಿಯ ಹತ್ತಿರ ಗಾಳಿ ತಿರುಗಿತು, ಮಂಜಿ ವಾಲಿತು. ತಂಡೇಲ ಒಂದೇ ಮಾತು ಹೇಳಿದನಂತೆ: ಎಸೆಯಿರಿ. ಒಣಹುಲ್ಲಿನ ನಡುವೆ ಜೋಪಾನವಾಗಿ ಜೋಡಿಸಿದ್ದ ಹಂಚುಗಳನ್ನು ಸಾಲು ಕಟ್ಟಿ ಕೈಯಿಂದ ಕೈಗೆ ದಾಟಿಸಿ ಕಡಲಿಗೆ ಹಾಕಿದರು. ಬೆಳಗಾಗುವಾಗ ಮಂಜಿ ತೇಲುತ್ತಿತ್ತು, ಪಟಸ್ತಂಭ ಮುರಿದಿತ್ತು, ಅಜ್ಜಯ್ಯನ ಹತ್ತೂ ಬೆರಳು ಒಡೆದಿತ್ತು.

ತಲುಪಿದ ಹಂಚಿಗಷ್ಟೇ ಬಾಡಿಗೆ. “ಹಂಚೂ ನೀರಿಗ್ ಹೋಯ್ತ್, ಬಾಡ್ಗಿಯೂ ನೀರಿಗ್ ಹೋಯ್ತ್. ಇನ್ ಎಂತ ಕೊಡುದ್?”

ಮುಂದೆ ನಾನು ಮುಂಬಯಿಯಲ್ಲಿ ಹಡಗು ಕಚೇರಿಯೊಂದರ ಕಾರಕೂನನಾದೆ. ಅಲ್ಲಿ ಹಳೆಯ ಕಾಯಿದೆ ಪುಸ್ತಕವೊಂದರಲ್ಲಿ ಅಜ್ಜಯ್ಯನ ಇದೇ ಮಾತು ಸೂಟುಬೂಟು ಹಾಕಿಕೊಂಡು ಕೂತಿತ್ತು. ಸರಕಿನ ಬಾಡಿಗೆಯೇ ಸಂಬಳದ ತಾಯಿ ಎಂಬುದು ಇಂಗ್ಲಿಷ್ ನ್ಯಾಯಾಲಯಗಳ ಹಳೆಯ ನಿಯಮ. ಹಡಗು ಮುಳುಗಿ ಬಾಡಿಗೆ ಹುಟ್ಟದಿದ್ದರೆ, ಈಜಿ ಬದುಕಿದ ನಾವಿಕನಿಗೆ ಕಾಸಿಲ್ಲ. ಸಂಬಳದ ಆಸೆಗಾದರೂ ಹಡಗನ್ನು ಉಳಿಸಿಕೊಳ್ಳಲಿ ಎಂಬ ಯೋಚನೆ. ಜೀವದ ಆಸೆ ಸಾಲದು ಅಂದುಕೊಂಡಿದ್ದರೋ ಏನೋ! 1854ರ ಕಾಯಿದೆ ಆ ತಾಯಿ–ಮಗುವಿನ ಸಂಬಂಧ ಕಡಿಯಿತು. ಆದರೂ ಹಡಗು ಮುಳುಗಿದ ದಿನಕ್ಕೇ ಸಂಬಳ ನಿಲ್ಲುತ್ತಿತ್ತು. 1912ರಲ್ಲಿ ಟೈಟಾನಿಕ್‌ನವರಿಗೂ ಆದದ್ದು ಅದೇ. ಹಡಗೊಡೆದು ಕೆಲಸ ಕಳೆದುಕೊಂಡವರಿಗೆ ಎರಡು ತಿಂಗಳವರೆಗಿನ ಸಂಬಳದಷ್ಟು ಪರಿಹಾರ ಎಂಬ ಒಪ್ಪಂದ ಜಿನೋವಾದಲ್ಲಿ ಆದದ್ದು 1920ರಲ್ಲಿ.

ಆ ಇಂಗ್ಲಿಷ್ ನಾವಿಕರಲ್ಲಿ ಮುಂಗಡದ ಪದ್ಧತಿಯೂ ಇತ್ತು. ಒಂದು ತಿಂಗಳ ಮುಂಗಡ ಹಡಗು ಹತ್ತುವ ಮೊದಲೇ ಬಂದರಿನ ವಸತಿಗೃಹದವನ ಸಾಲಕ್ಕೆ ಜಮಾ. ಹಾಗಾಗಿ ಮೊದಲ ತಿಂಗಳು ಪುಕ್ಕಟೆ ದುಡಿತ. ಅದನ್ನವರು ಸತ್ತ ಕುದುರೆಗೆ ದುಡಿಯುವುದು ಎನ್ನುತ್ತಿದ್ದರು. ತಿಂಗಳು ತುಂಬಿದ ದಿನ ಗೋಣಿಬಟ್ಟೆಗೆ ಹುಲ್ಲು ತುಂಬಿ ಕುದುರೆ ಮಾಡಿ, ಹಾಡು ಹೇಳುತ್ತ ಮೇಲಕ್ಕೆಳೆದು ಕಡಲಿಗೆ ಬೀಳಿಸುತ್ತಿದ್ದರು.

ಅಜ್ಜಯ್ಯನ ಕುದುರೆ ಅಷ್ಟು ಬೇಗ ಸಾಯುವಂಥದ್ದಲ್ಲ. ಮಳೆಗಾಲವಿಡೀ ಮನೆಗೆ ಬಂದ ಅಕ್ಕಿಯೆಲ್ಲ ಧಣಿಯ ಪುಸ್ತಕದಲ್ಲಿ ಮುಂಗಡವೆಂದೇ ಏರಿತ್ತು. ಮುರಿದ ಪಟಸ್ತಂಭದ ಖರ್ಚೂ ಸೇರಿ, ಮೃಗಶಿರಕ್ಕೆ ಲೆಕ್ಕ ಓದಿದಾಗ ಅವರೇ ಹದಿನೆಂಟು ರೂಪಾಯಿ ಕೊಡಬೇಕಿತ್ತು.

ಇದನ್ನು ಹೇಳುತ್ತ ಹೇಳುತ್ತ, ನಮ್ಮ ಮುಂದಿದ್ದ ಪಾಲಿನ ಬೀಜಗಳನ್ನು ಒಂದೊಂದಾಗಿ ಧಣಿಯ ರಾಶಿಗೆ ಸರಿಸಿದ್ದರು. ಧಣಿಯ ರಾಶಿಯಿದ್ದದ್ದು ಅವರ ಮೊಣಕಾಲ ಬುಡದಲ್ಲೇ. ತಮ್ಮ ಅಳುಮೋರೆ ಮಾಡಿದ. ಅಜ್ಜಯ್ಯ ಬೀಜವೊಂದರ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡು, “ಬಪ್ಪೊರ್ಷ ಕೊಡ್ತೆ,” ಎಂದರು.